ಗಜಕರ್ಣಕ್ಕೂ ತೋಟಕ್ಕೆ ಹೊಡೆಯುವ ಔಷಧಕ್ಕೂ ಸಂಬಂಧ ಇದೆಯಾ?

ಪ್ರಶ್ನೆ: ಡಾಕ್ಟ್ರೇ, ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಎರಡು ಮಳೆಗಾಲದಿಂದ ತೊಡೆಸಂದಿಯಲ್ಲಿ ಗಜಕರ್ಣ. ಮೆಡಿಕಲ್‌ನವರು ಕೊಟ್ಟ ಮುಲಾಮು ಹಚ್ಚಿದರೆ ತುರಿಕೆ ನಿಲ್ಲುತ್ತೆ, ಬಿಟ್ಟರೆ ಮತ್ತೆ ಶುರು. ತುಕ್ಕು ರೋಗಕ್ಕೆ ನಾವು ಹೊಡೆಯುವ ಔಷಧದಿಂದಲೇ ಶಿಲೀಂಧ್ರಗಳು ಮೊಂಡಾಗಿವೆ ಅಂತಾರೆ, ನಿಜವಾ? ಹೊಸ ಔಷಧ ಯಾಕೆ ಬರ್ತಿಲ್ಲ?

ಉತ್ತರ: ನಿಮ್ಮ ಗಜಕರ್ಣದ ಮಟ್ಟಿಗೆ ತೋಟವನ್ನು ದೂರಬೇಡಿ. ಆ ಮುಲಾಮಿನ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೆಟಾಮೆಥಾಸೋನ್ ಎಂದೇನಾದರೂ ಇದ್ದರೆ ಅದು ಸ್ಟೆರಾಯ್ಡ್. ಕೆಂಪು, ತುರಿಕೆ ಮರೆಯಾಗುತ್ತವೆ, ಶಿಲೀಂಧ್ರ ಮಾತ್ರ ಆರಾಮಾಗಿ ಹರಡುತ್ತದೆ. ಸಾಲದ್ದಕ್ಕೆ, ನಮ್ಮ ದೇಶದಲ್ಲಿ ಈಗ ಹಬ್ಬಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಗಜಕರ್ಣದ ಶಿಲೀಂಧ್ರಕ್ಕೆ (ಹೆಸರಿಟ್ಟಿದ್ದು 2020ರಲ್ಲಿ) ಶಿಲೀಂಧ್ರ ಕೊಲ್ಲಲು ಕೊಡುವ ಟರ್ಬಿನಾಫಿನ್ ಮಾತ್ರೆ ಎಷ್ಟೋ ಸಲ ನಾಟುವುದೇ ಇಲ್ಲ. ಮಾತ್ರೆ ತಡೆಯಬೇಕಾದ ಕಿಣ್ವವೇ ಅದರಲ್ಲಿ ಬದಲಾಗಿಬಿಟ್ಟಿದೆ.

ಹಾಗಂತ ನೀವು ಕೇಳಿದ ಮಾತು ಸುಳ್ಳಲ್ಲ, ಅದು ಬೇರೆ ಶಿಲೀಂಧ್ರದ್ದು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ತಾಮ್ರದ್ದು, ಅದರ ತಕರಾರಿಲ್ಲ. ಆದರೆ ತೋಟಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ನಾವು ರೋಗಿಗಳಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್‌ಗಳ ದಾಯಾದಿಗಳು. ಕೊಳೆತ ಎಲೆ, ಗೊಬ್ಬರದಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರ ಇಂಥ ಔಷಧಗಳಿಗೆ ಹೊಲದಲ್ಲೇ ಪಳಗಿ, ಆಮೇಲೆ ಶ್ವಾಸಕೋಶ ಸೇರುತ್ತದೆ. ಅಂಥ ತಳಿಗಳು ನೆದರ್‌ಲ್ಯಾಂಡ್ಸ್‌ನಲ್ಲೂ ಸಿಕ್ಕಿವೆ, ಭಾರತದಲ್ಲೂ ಸಿಕ್ಕಿವೆ.

ಹೊಸ ಔಷಧ ಕಷ್ಟ, ಏಕೆಂದರೆ ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾದಂತಲ್ಲ, ನಮ್ಮದನ್ನೇ ಹೋಲುತ್ತದೆ. ಅದಕ್ಕೆ ಹೊಡೆದ ಏಟು ನಮಗೂ ಬೀಳುತ್ತದೆ. ಅದರಲ್ಲಿದ್ದು ನಮ್ಮಲ್ಲಿಲ್ಲದ್ದು ಹುಡುಕಿದರೆ ಕೋಶದ ಗೋಡೆ, ಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು, ಹೀಗೆ ಕೈಬೆರಳೆಣಿಕೆಯಷ್ಟು. ಗೋಡೆ ಕಟ್ಟುವುದನ್ನು ತಡೆಯುವ ಕಾಸ್ಪೋಫಂಜಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಅದಾದ ಮೇಲೆ ಹೊಸ ವರ್ಗದ ಇಬ್ರೆಕ್ಸಾಫಂಜರ್ಪ್ ಬರಲು 2021 ಆಯಿತು.

ನನಗೆ ಸಿಟ್ಟು ಬರಿಸುವುದು ರೋಗಿಗಳಿಗಾಗಿ ತಯಾರಾದ ಒಲೊರೊಫಿಮ್ ಎಂಬ ಹೊಸ ಔಷಧದ ಸಂಗತಿ. ಶಿಲೀಂಧ್ರ ತನ್ನ ಡಿಎನ್‌ಎಗೆ ಬೇಕಾದ ಪಿರಿಮಿಡಿನ್ ತಯಾರಿಸುವ ಕಿಣ್ವವನ್ನೇ ಇದು ಕಟ್ಟಿಹಾಕುತ್ತದೆ, ಹೊಚ್ಚಹೊಸ ದಾರಿ. 2023ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಡಲಿಲ್ಲ. ಅದೇ ಕಿಣ್ವದ ಮೇಲೆ ಕೆಲಸ ಮಾಡುವ ಇಪ್‌ಫ್ಲುಫೆನೊಕ್ವಿನ್ ಎಂಬ ಬೆಳೆ ಔಷಧಕ್ಕೆ ಮಾತ್ರ ಅಲ್ಲಿ 2022ರಲ್ಲೇ ಒಪ್ಪಿಗೆ ಸಿಕ್ಕಿತ್ತು! ಒಂದಕ್ಕೆ ಪಳಗಿದ ಆಸ್ಪರ್ಜಿಲಸ್ ಇನ್ನೊಂದಕ್ಕೂ ಬಗ್ಗುವುದಿಲ್ಲ ಎಂದು ಪ್ರಯೋಗಾಲಯದಲ್ಲಿ ಆಗಲೇ ಗೊತ್ತಾಗಿದೆ. ಬೆಳೆಗಾರರಿಗೂ ಹೊಸ ಔಷಧ ಬೇಕು, ಒಪ್ಪುತ್ತೇನೆ. ಇದೇ ಕಿಣ್ವ ಬೇಕಿತ್ತೇ?

ನಿಮ್ಮ ವಿಷಯಕ್ಕೆ ಬಂದರೆ, ಈಗಿರುವ ಔಷಧವೇ ಸಾಕಾಗಬಹುದು. ಚರ್ಮದ ವೈದ್ಯರ ಹತ್ತಿರ ಹೊಟ್ಟು ಕೆರೆಸಿ ಪರೀಕ್ಷೆ ಮಾಡಿಸಿ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಟ್ಟರೆ ಊಟವಾದ ಕೂಡಲೇ ನುಂಗಿ. ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಹೊಟ್ಟೆಯ ಆಮ್ಲ ಕಮ್ಮಿಯಾದರೆ ಈ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೃದಯದ ತೊಂದರೆ ಇದ್ದರೂ ಹೇಳಿ. ಮನೆಯಲ್ಲಿ ಇನ್ಯಾರಿಗಾದರೂ ಇದ್ದರೆ ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ.