ಅಡ್ವಾನ್ಸ್‌ಡ್ ಗಣಿತಕ್ಕೆ ಮಗಳನ್ನು ಸೇರಿಸಲೇ, ಬೇಡವೇ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಈಗ ಐದನೇ ಕ್ಲಾಸ್ ಮುಗಿಸುತ್ತಿದ್ದಾಳೆ. ಅವಳ ಶಾಲೆಯಲ್ಲಿ ಆರನೇ ಕ್ಲಾಸಿನಿಂದ ಗಣಿತಕ್ಕೆ ಎರಡು ಕೋರ್ಸ್ ಇವೆ. ಒಂದು ಮಾಮೂಲಿ, ಇನ್ನೊಂದು ಅಡ್ವಾನ್ಸ್‌ಡ್. ಅಡ್ವಾನ್ಸ್‌ಡ್‌ನಲ್ಲಿ ಮೂರು ವರ್ಷದ ಪಾಠವನ್ನು ಎರಡೇ ವರ್ಷದಲ್ಲಿ ಮುಗಿಸಿ, ಎಂಟನೇ ಕ್ಲಾಸಿಗೇ ಪೂರ್ಣ ಪ್ರಮಾಣದ ಬೀಜಗಣಿತ ಶುರು ಮಾಡುತ್ತಾರೆ. ಆಯ್ಕೆ ಪರೀಕ್ಷೆಯಲ್ಲಿ ಮಗಳಿಗೆ ಅಲ್ಲಿಂದಲ್ಲಿಗೆ ಅಂಕ ಬಂದಿದೆ. ‘ನಿಮ್ಮಿಷ್ಟ’ ಎಂದು ಶಾಲೆಯವರು ನಮಗೇ ಬಿಟ್ಟಿದ್ದಾರೆ. ನನ್ನ ಗಂಡ ಓದುವಾಗ ಗಣಿತದಲ್ಲಿ ಯಾವಾಗಲೂ ಮುಂದು. ‘ಈಗ ಬಿಟ್ಟರೆ ಮುಗೀತು, ಮುಂದೆ ಇಂಜಿನಿಯರಿಂಗ್ ಆಸೆಯನ್ನೂ ಬಿಡಬೇಕು’ ಎನ್ನುತ್ತಾರೆ. ಅವರ ಅಣ್ಣನ ಮಗ ಹೋದ ವರ್ಷ ಅಡ್ವಾನ್ಸ್‌ಡ್ ಸೇರಿದ್ದಾನೆ, ಅದೂ ಒಂದು. ಮಗಳು ಬೇಡ ಎಂದು ಅಳುತ್ತಾಳೆ. ಕಾರಣ ಹೇಳುವುದಿಲ್ಲ. ಲೆಕ್ಕ ಬೇಗ ಮಾಡುತ್ತಾಳೆ, ಮಾರ್ಕ್ಸೂ ಬರುತ್ತದೆ. ಭಿನ್ನರಾಶಿ ಭಾಗಿಸುವಾಗ ಎರಡನೆಯದನ್ನು ಯಾಕೆ ತಲೆಕೆಳಗು ಮಾಡ್ತೀಯ ಎಂದು ಒಮ್ಮೆ ಕೇಳಿದೆ. ‘ಅದು ಹಾಗೇ ಮಾಡೋದು ಅಮ್ಮ’ ಅಂದಳು. ನನಗೆ ಚಿಕ್ಕಂದಿನಿಂದಲೂ ಗಣಿತ ಅಂದರೆ ಹೆದರಿಕೆ. ಅದನ್ನೇ ಮಗಳ ತಲೆಗೆ ಕಟ್ಟುತ್ತಿದ್ದೇನಾ? ದಿನಾ ಇದೇ ಜಗಳವಾಗಿದೆ.
— ಹೆಸರು ಬೇಡ

ಉತ್ತರ: ‘ಅದು ಹಾಗೇ ಮಾಡೋದು ಅಮ್ಮ.’ ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಗಣಿತ ಬರುವುದಿಲ್ಲ ಎನ್ನುವ ನೀವೇ ಸರಿಯಾದ ಪ್ರಶ್ನೆ ಕೇಳಿದ್ದೀರಿ. ಆಯ್ಕೆ ಪರೀಕ್ಷೆ ಅದನ್ನು ಕೇಳಿರಲಿಕ್ಕಿಲ್ಲ.

ಐದನೇ ಕ್ಲಾಸಿನ ತನಕ ಲೆಕ್ಕ ಬೇಗ ಮಾಡುವ ಮಗು ಜಾಣ ಮಗು. ಮಗ್ಗಿ ಬಾಯಿಗೆ ಬಂದರೆ, ಕೂಡು ಕಳೆ ತಪ್ಪದಿದ್ದರೆ ಸಾಕು, ಎಲ್ಲರೂ ಭೇಷ್ ಅಂತಾರೆ. ಬೀಜಗಣಿತಕ್ಕೆ ಬಂದ ಮೇಲೆ ಬರೀ ವೇಗ ಸಾಲದು. ಅಲ್ಲಿ ಸಂಖ್ಯೆಯ ಜಾಗಕ್ಕೆ ಅಕ್ಷರ ಬರುತ್ತದೆ. ಯಾವ ಹೆಜ್ಜೆ ಯಾಕೆ ಅಂತ ಗೊತ್ತಿಲ್ಲದಿದ್ದರೆ ನಿಯಮಗಳನ್ನು ಒಂದೊಂದಾಗಿ ಉರು ಹೊಡೆಯಬೇಕಾಗುತ್ತದೆ. ಉರು ಹೊಡೆದದ್ದು ಎಷ್ಟು ದಿನ ನಿಂತೀತು?

ಇಲ್ಲಿ ಭಿನ್ನರಾಶಿಯ ಪಾತ್ರ ತುಂಬಾ ದೊಡ್ಡದು. ಮನಶ್ಶಾಸ್ತ್ರಜ್ಞ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಬ್ರಿಟನ್ನಿನ ಮಕ್ಕಳ ಮಾಹಿತಿಯನ್ನು ಹಲವು ವರ್ಷಗಳ ಉದ್ದಕ್ಕೆ ನೋಡಿ, 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗಟ್ಟಿಯಾಗಿದೆ ಎಂಬುದು, ಆ ಮಕ್ಕಳು ಹೈಸ್ಕೂಲಿನಲ್ಲಿ ಬೀಜಗಣಿತ ಹೇಗೆ ಮಾಡುತ್ತಾರೆ ಎಂಬುದರ ಒಳ್ಳೆಯ ಸುಳಿವು ಕೊಡುತ್ತಿತ್ತು. ಮಗುವಿನ ಬುದ್ಧಿಮಟ್ಟ, ಮನೆಯ ಆದಾಯ, ಅಪ್ಪ ಅಮ್ಮನ ಓದು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಅದು ಹಾಗೇ ಉಳಿಯಿತು.

ಇನ್ನೊಂದು ಹಳೆಯ ಪ್ರಶ್ನೆ ಹೇಳುತ್ತೇನೆ, ಮಗಳಿಗೂ ಕೇಳಿ ನೋಡಿ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ್ದು ಇದು: 12/13 ಮತ್ತು 7/8 ಕೂಡಿಸಿದರೆ ಸುಮಾರು ಎಷ್ಟು? ಕೊಟ್ಟಿದ್ದ ಉತ್ತರಗಳು 1, 2, 19, 21. ಎರಡೂ ಹೆಚ್ಚುಕಮ್ಮಿ ಒಂದೊಂದು, ಆದ್ದರಿಂದ 2. ಪೆನ್ನು ಬೇಡ, ಪೇಪರ್ ಬೇಡ. ಆದರೆ ಸರಿ ಹೇಳಿದವರು ಶೇ. 24 ಮಾತ್ರ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 19 ಅಥವಾ 21 ಎಂದರು. ಅಂದರೆ ಮೇಲಿನವೆರಡನ್ನೋ ಕೆಳಗಿನವೆರಡನ್ನೋ ಕೂಡಿಸಿಬಿಟ್ಟರು! 12/13 ಅನ್ನುವುದು ಒಂದು ಸಂಖ್ಯೆ, ಅದಕ್ಕೊಂದು ಗಾತ್ರ ಇದೆ ಎಂಬುದೇ ಅವರ ಮನಸ್ಸಿಗೆ ಬಂದಿರಲಿಲ್ಲ.

ಹಾಗಾಗಿ ಜಗಳ ಒಂದು ವಾರ ನಿಲ್ಲಲಿ. ಮಗಳ ಜೊತೆ ಕೂತು ಇಂಥ ನಾಲ್ಕಾರು ಪ್ರಶ್ನೆ ಕೇಳಿ. ಪರೀಕ್ಷೆಯ ಹಾಗೆ ಬೇಡ, ಸುಮ್ನೆ ಹರಟೆ ಹೊಡೆಯುವ ಹಾಗೆ. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಹೇಗೆ ಬರುತ್ತದೆ, ಭಾಗಿಸಿದರೆ ಕಮ್ಮಿ ಆಗಬೇಕಲ್ವಾ ಎಂದು ಕೇಳಿ. ‘ಮೂರರೊಳಗೆ ಎಷ್ಟು ಅರ್ಧ ಇದೆ ಅಂತ ತಾನೇ ಕೇಳ್ತಿರೋದು’ ಎಂದು ಹೇಳಿದರೆ, ಇಲ್ಲವೇ ಚಿತ್ರ ಬರೆದು ತೋರಿಸಿದರೆ ಬಹಳ ಸಂತೋಷ. ಒಬ್ಬ ಹುಡುಗ 1/2 ಮತ್ತು 1/3 ಕೂಡಿಸಿ 2/5 ಅಂದ, ಸರಿಯಾ ಅಂತ ಕೇಳಿ. ‘ತಪ್ಪು, ಛೇದ ಒಂದೇ ಮಾಡಬೇಕು’ ಅನ್ನುವುದು ಒಂದು ಉತ್ತರ. ‘2/5 ಅರ್ಧಕ್ಕಿಂತ ಕಮ್ಮಿ, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಮ್ಮಿ ಹೇಗಾಗುತ್ತೆ?’ ಅನ್ನುವುದು ಇನ್ನೊಂದು. ನಾನು ಕಾಯುವುದು ಈ ಎರಡನೆಯದಕ್ಕೆ.

ಆಮೇಲೆ ಇದನ್ನು ಬರೆದು ಕೊಡಿ: 8 + 4 = ▢ + 5. ಖಾಲಿ ಜಾಗಕ್ಕೆ 7 ಬರಬೇಕು. ಜಾಣ ಮಕ್ಕಳು ಕೂಡ 12 ಎಂದು ತುಂಬುತ್ತಾರೆ, ಕೆಲವರು 17 ಅಂತಾರೆ. ಸಮ ಚಿಹ್ನೆ ಅಂದರೆ ‘ಈಗ ಉತ್ತರ ಬರಿ’ ಎಂದು ಅವರು ತಿಳಿದಿರುತ್ತಾರೆ. ಎರಡೂ ಕಡೆ ಸಮ ಎಂಬ ಅರ್ಥ ಕೂತಿರುವುದಿಲ್ಲ. ಆ ಅರ್ಥ ಕೂರದೆ ಸಮೀಕರಣ ಬಿಡಿಸಲು ಹೊರಟರೆ, ಈ ಕಡೆಯದನ್ನು ಆ ಕಡೆ ಹಾಕುವಾಗ ಚಿಹ್ನೆ ಯಾಕೆ ಬದಲಾಗುತ್ತದೆ ಎಂಬುದೂ ಮಂತ್ರವಾಗಿಬಿಡುತ್ತದೆ.

ಇಷ್ಟನ್ನೂ ಅವಳು ತನ್ನದೇ ಮಾತಿನಲ್ಲಿ ವಿವರಿಸಿದರೆ ನಿಮ್ಮ ಗಂಡನ ಮಾತಿಗೆ ತೂಕ ಬರುತ್ತದೆ. ಗೊತ್ತಿರುವುದನ್ನೇ ವರ್ಷವಿಡೀ ಮತ್ತೆ ಮತ್ತೆ ಮಾಡಿಸಿದರೆ ಯಾವ ಮಗುವಿಗೂ ಬೇಜಾರು. ಸಿದ್ಧವಿರುವ ಮಗುವನ್ನು ಹಿಡಿದಿಡುವುದು ಒಳ್ಳೆಯದೆಂದು ನಾನು ಹೇಳಲಾರೆ. ಎರಡು ಮೂರು ಕಡೆ ‘ಹಾಗೇ ಮಾಡೋದು’ ಎಂಬಲ್ಲೇ ನಿಂತರೆ ಮಾಮೂಲಿ ಕೋರ್ಸ್ ಹಾಕಿ. ನಿಮ್ಮ ಪತ್ರ ಓದಿದರೆ ನನ್ನ ಒಲವು ಸದ್ಯಕ್ಕೆ ಅದರ ಕಡೆಗೇ ಇದೆ. ಮಗಳಿಗೆ ಗಣಿತ ಬರುವುದಿಲ್ಲ ಎಂದಲ್ಲ. ಮೂರು ವರ್ಷವನ್ನು ಎರಡಕ್ಕೆ ಇಳಿಸಿದಾಗ ಅವಸರಕ್ಕೆ ಸಿಕ್ಕುವುದು ಅನುಪಾತ, ಶೇಕಡಾ, ಋಣ ಸಂಖ್ಯೆ, ಮತ್ತೆ ಇದೇ ಭಿನ್ನರಾಶಿ. ಅವಳಿಗೆ ಸಮಯ ಬೇಕಾದ ಜಾಗವೂ ಅದೇ.

‘ಈಗ ಬಿಟ್ಟರೆ ಮುಗೀತು’ ಎಂಬ ಭಯಕ್ಕೆ ಬರೋಣ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್ ಪ್ರದೇಶದ ಸರ್ಕಾರಿ ಶಾಲೆಗಳು 2000ದ ದಶಕದ ಆರಂಭದಲ್ಲಿ ಸಾಧಾರಣವಾಗಿ ಓದುವ ತುಂಬಾ ಮಕ್ಕಳನ್ನೂ ಎಂಟನೇ ಕ್ಲಾಸಿಗೇ ಬೀಜಗಣಿತಕ್ಕೆ ಹಾಕಿದವು. ಉದ್ದೇಶ ಒಳ್ಳೆಯದೇ. ಆಮೇಲೆ ಅರ್ಥಶಾಸ್ತ್ರಜ್ಞರು ಕೂತು ಫಲಿತಾಂಶ ನೋಡಿದರು. ಹೀಗೆ ಬೇಗ ಹಾಕಿದ ಮಕ್ಕಳಿಗೆ ಬೀಜಗಣಿತದ ಪರೀಕ್ಷೆಯಲ್ಲಿ ಅಂಕ ಕಮ್ಮಿಯಾಗಿತ್ತು. ಮುಂದಿನ ರೇಖಾಗಣಿತ ಪಾಸಾಗುವ ಸಾಧ್ಯತೆಯೂ ಇಳಿದಿತ್ತು. ನಿಮ್ಮ ಯಜಮಾನರು ಅಂಕಿ ಅಂಶ ನಂಬುವವರು ಅನಿಸುತ್ತದೆ. ಇದನ್ನು ಅವರಿಗೆ ಓದಿ ಹೇಳಿ. ಬೀಜಗಣಿತವನ್ನು ಒಂದು ವರ್ಷ ತಡವಾಗಿ ಶುರು ಮಾಡಿ ಇಂಜಿನಿಯರ್ ಆದವರು ಬೇಕಾದಷ್ಟು ಜನ ಇದ್ದಾರೆ.

ಆದರೂ ಅವರ ಆತಂಕವನ್ನು ಪೂರ್ತಿ ತಳ್ಳಿಹಾಕಬೇಡಿ. ಕೆಲವು ಶಾಲೆಗಳಲ್ಲಿ ಒಮ್ಮೆ ಮಾಮೂಲಿ ಕೋರ್ಸ್ ಹಿಡಿದರೆ ಮತ್ತೆ ಹತ್ತುವುದು ನಿಜವಾಗಿಯೂ ಕಷ್ಟ. ಆದ್ದರಿಂದ ಇಬ್ಬರೂ ಒಟ್ಟಿಗೆ ಶಾಲೆಗೆ ಹೋಗಿ. ಒಂದು ವರ್ಷದ ಮೇಲೆ ಅಡ್ವಾನ್ಸ್‌ಡ್‌ಗೆ ಬದಲಾಗಬಹುದಾ, ಅದಕ್ಕೆ ಏನು ಮಾಡಬೇಕು, ರಜೆಯಲ್ಲಿ ಬಿಟ್ಟುಹೋದ ಪಾಠ ಕಲಿಸುತ್ತಾರಾ ಎಂದು ಕೇಳಿ. ಸೇರಿದ ಮೇಲೆ ಕಷ್ಟವಾದರೆ ನಡುವೆ ಇಳಿಯಬಹುದಾ ಎಂದೂ ಕೇಳಿ. ಎರಡೇ ವರ್ಷಕ್ಕೆ ಇಳಿಸುವಾಗ ಯಾವ ಪಾಠ ಮೊಟಕಾಗುತ್ತದೆ ಎಂದು ಕೇಳಲು ಮರೆಯಬೇಡಿ. ಅದಕ್ಕೆ ಸರಿಯಾದ ಉತ್ತರ ಕೊಡದ ಶಾಲೆಯ ಅಡ್ವಾನ್ಸ್‌ಡ್ ಕೋರ್ಸ್ ಬಗ್ಗೆ ನನಗಂತೂ ಅನುಮಾನ. ಮಗಳಿಗೆ ಈ ವರ್ಷ ಕಲಿಸಿದ ಟೀಚರ್ ಸಿಕ್ಕಿದರೆ, ಹೊಸ ಥರದ ಲೆಕ್ಕ ಕೊಟ್ಟಾಗ ಅವಳು ಏನು ಮಾಡುತ್ತಾಳೆ ಎಂದು ವಿಚಾರಿಸಿ. ತಾನೇ ಒದ್ದಾಡಿ ನೋಡುತ್ತಾಳಾ, ಇಲ್ಲ ತಕ್ಷಣ ಕೈ ಎತ್ತುತ್ತಾಳಾ? ಅಂಕಪಟ್ಟಿಯಲ್ಲಿ ಸಿಗದ ವಿಷಯ ಇದು.

ಅಣ್ಣನ ಮಗನ ವಿಚಾರಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಅವನು ಬೇರೆ ಮಗು. ಅಷ್ಟೇ.

ಮಗಳ ಅಳುವಿಗೆ ಮಾತ್ರ ಸಮಯ ಕೊಡಿ. 11 ವರ್ಷದ ಮಗು ‘ಬೇಡ’ ಅಂದರೆ ಅದರ ಹಿಂದೆ ಏನೇನೋ ಇರಬಹುದು. ಗೆಳತಿಯರೆಲ್ಲ ಮಾಮೂಲಿ ಕೋರ್ಸಿನಲ್ಲಿ ಇರಬಹುದು. ಫೇಲಾದರೆ ಅಪ್ಪ ಏನಂತಾರೋ ಎಂಬ ದಿಗಿಲಿರಬಹುದು. ಅಥವಾ ತನಗೆ ನಿಜವಾಗಿ ಅರ್ಥವಾಗಿಲ್ಲ ಎಂಬುದು ಅವಳಿಗೇ ಗೊತ್ತಿದ್ದು, ಹೇಳಲು ನಾಚಿಕೆ ಇರಬಹುದು. ಮೂರಕ್ಕೂ ಔಷಧ ಬೇರೆ ಬೇರೆ. ಗೆಳತಿಯರ ಕಾರಣ ಆದರೆ ಅದೊಂದಕ್ಕೇ ಕೋರ್ಸ್ ಬಿಡಬೇಕಿಲ್ಲ. ಅಪ್ಪನ ಭಯ ಆದರೆ ಯಾವ ಕೋರ್ಸ್ ಸೇರಿದರೂ ಅದು ಜೊತೆಗೇ ಬರುತ್ತದೆ, ಅದನ್ನು ಅಪ್ಪನೇ ಮಾತಾಡಿ ಕಳೆಯಬೇಕು. ಎದುರು ಕೂರಿಸಿಕೊಂಡು ಕೇಳಿದರೆ ಹೇಳಲಾರಳು. ಎಲ್ಲಿಗಾದರೂ ಜೊತೆಯಲ್ಲಿ ನಡೆದು ಹೋಗುವಾಗ ಕೇಳಿ.

ಇನ್ನು ನಿಮ್ಮ ಹೆದರಿಕೆ. ಅದನ್ನು ಮಗಳ ತಲೆಗೆ ಕಟ್ಟುತ್ತಿದ್ದೀರಿ ಎಂದು ಈ ಪತ್ರದಿಂದ ನನಗೆ ಅನಿಸಲಿಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದನೇ, ಎರಡನೇ ಕ್ಲಾಸಿನ ಮಕ್ಕಳನ್ನು ನೋಡಿತ್ತು. ಗಣಿತಕ್ಕೆ ಹೆದರುವ ಅಪ್ಪ ಅಮ್ಮ ಪದೇ ಪದೇ ಹೋಮ್‌ವರ್ಕಿಗೆ ಕೂತ ಮನೆಗಳಲ್ಲಿ ಮಕ್ಕಳು ಕಲಿತದ್ದು ಕಮ್ಮಿ, ವರ್ಷದ ಕೊನೆಗೆ ಅವರ ಹೆದರಿಕೆಯೂ ಹೆಚ್ಚಿತ್ತು. ಅಪ್ಪ ಅಮ್ಮ ಅಷ್ಟಾಗಿ ಕೈ ಹಾಕದ ಕಡೆ ಈ ತೊಂದರೆ ಕಾಣಲಿಲ್ಲ. ಹಾಗಾಗಿ ನೀವು ಲೆಕ್ಕ ಕಲಿಸಲು ಹೋಗಬೇಡಿ. ‘ನಂಗೂ ಗಣಿತ ಬರ್ತಿರ್ಲಿಲ್ಲ ಬಿಡು’ ಎಂದು ಸಮಾಧಾನವನ್ನೂ ಮಾಡಬೇಡಿ. ‘ಇದು ಯಾಕೆ ಹೀಗೆ, ನನಗೆ ಹೇಳಿಕೊಡು’ ಎಂದು ಕೇಳುತ್ತಾ ಇರಿ. ತಲೆಕೆಳಗು ಮಾಡುವ ಲೆಕ್ಕದಿಂದಲೇ ಶುರುವಾಗಲಿ. ಅವಳಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಅಪ್ಪನನ್ನು ಕೇಳಿ. ಅವರಿಗೆ ಗಣಿತ ಚೆನ್ನಾಗಿ ಬರುತ್ತದಲ್ಲ, ವಿವರಿಸಲಿ.