ಕುರ್ಚಿಯ ದಿಂಬಿಗೆ ವಿಮೆ ಯಾಕೆ ಸಿಗಲಿಲ್ಲ?

ಬ್ಯಾಟರಿಯಲ್ಲಿ ಓಡುವ ಪವರ್ ವೀಲ್‌ಚೇರ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: ಕುರ್ಚಿಗೆ, ಅದರ ಬಿಡಿ ಸಾಮಾನಿಗೆ ವಿಮೆ ಯಾಕೆ ಕೊಡಲಿಲ್ಲ? ನಮ್ಮ ಕಾಸರಗೋಡಿನ ಊರು ಮಾತ್ರ ಬೇರೆ ಬೇರೆ: ಬದಿಯಡ್ಕ, ಉಪ್ಪಳ, ಮುಳ್ಳೇರಿಯ. ಪ್ರತಿ ಸಲ ನಾಲ್ಕು ಸಾಲು ಬರೆದು ಸಾಕಾಗಿದೆ. ಈ ಸಲ ಅದೊಂದಕ್ಕೇ ಉದ್ದ ಉತ್ತರ. ಉಳಿದವರು ಬೇಜಾರು ಮಾಡಬೇಡಿ.

ಪ್ರಶ್ನೆ: ಅಣ್ಣ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಎರಡೂ ಕಾಲುಗಳಿಗೆ ಸ್ವಾಧೀನ ಇಲ್ಲ. ಮಂಗಳೂರಿನ ಆಸ್ಪತ್ರೆಯ ಖರ್ಚನ್ನು ಮೆಡಿಕ್ಲೇಮ್ ಕೊಟ್ಟಿತು. ಐದು ತಿಂಗಳ ನಂತರ ಪವರ್ ವೀಲ್‌ಚೇರ್, ಅದರ ಸೀಟಿಗೆ ಹಾಕುವ ಗಾಳಿ ದಿಂಬು, ಹೆಡ್‌ರೆಸ್ಟ್, ಎತ್ತಿ ಇಳಿಸುವ ಲೆಗ್‌ರೆಸ್ಟ್ ತೆಗೆದುಕೊಂಡೆವು. ಬಿಲ್ ಕಳಿಸಿದರೆ ಒಂದು ರೂಪಾಯಿಯೂ ಬರಲಿಲ್ಲ. ‘ಆಸ್ಪತ್ರೆ ಬಿಲ್ಲಿಗೇ ಸೇರಿಸಿದ್ದರೆ ಆಗುತ್ತಿತ್ತು’ ಅಂತಾರೆ ಏಜೆಂಟರು. ಹೌದಾ? — ಪೆರ್ಲದ ಓದುಗರು

ನಿಮ್ಮ ಏಜೆಂಟರಿಗೆ ದೊಡ್ಡ ನಮಸ್ಕಾರ. ಕುರ್ಚಿಯನ್ನು ಆಪರೇಷನ್ ಸಾಮಾನು ಅಂತ ಬರೆಸಿ ಹಣ ತೆಗೆಯುವುದಕ್ಕೆ ಉಪಾಯ ಅನ್ನುವುದಿಲ್ಲ, ಮೋಸ ಅನ್ನುತ್ತಾರೆ. ಸಿಕ್ಕಿಬಿದ್ದರೆ ಕುರ್ಚಿಯ ಹಣ ಮಾತ್ರ ಅಲ್ಲ, ಇಡೀ ಪಾಲಿಸಿಯ ಸೌಲಭ್ಯ, ಕಟ್ಟಿದ ಪ್ರೀಮಿಯಂ ಎರಡೂ ಹೋಗುತ್ತದೆ. ಆಗ ಏಜೆಂಟರು ಫೋನ್ ಎತ್ತುವುದಿಲ್ಲ. ವರ್ಷಗಟ್ಟಲೆ ಕ್ಲೇಮ್ ಫೈಲು ನೋಡಿದವನು ನಾನು, ಸುಮ್ನೆ ಹೇಳುವುದಲ್ಲ.

ಮೆಡಿಕ್ಲೇಮ್ ಇರುವುದು ಆಸ್ಪತ್ರೆಯಲ್ಲಿ ಮಲಗಿದ್ದಾಗಿನ ಖರ್ಚಿಗೆ. ಬಿಡುಗಡೆಯ ನಂತರ ಸಾಮಾನ್ಯವಾಗಿ 60 ಅಥವಾ 90 ದಿನದ ಮದ್ದು, ಪರೀಕ್ಷೆಗಳ ಹಣವೂ ಸಿಗುತ್ತದೆ. ಆದರೆ ವಿಮಾ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಐಆರ್‌ಡಿಎಐ ಮಾಡಿದ, ಹಣ ಕೊಡದ ವಸ್ತುಗಳ ಪಟ್ಟಿಯೊಂದಿದೆ, ಒಟ್ಟು 68. ಅದರಲ್ಲಿ ನಡೆಯಲು ಬೇಕಾದ ಸಲಕರಣೆ ಇದೆ, ಸೊಂಟದ ಬೆಲ್ಟ್ ಇದೆ, ಗಾಳಿ ಹಾಸಿಗೆಯೂ ಇದೆ. ಕುರ್ಚಿ ಮತ್ತು ಅದರ ಬಿಡಿ ಸಾಮಾನು ಅಲ್ಲೇ ಬೀಳುತ್ತದೆ. ‘ಕನ್ಸ್ಯೂಮಬಲ್ಸ್’ ಆಡ್-ಆನ್ (ಪಾಲಿಸಿಗೆ ಬೇರೆಯಾಗಿ ಸೇರಿಸಿಕೊಳ್ಳುವ ಸೌಲಭ್ಯ) ಇದೆಯಲ್ಲ ಅಂತ ಕೇಳಬೇಡಿ. ಅದು ಆಸ್ಪತ್ರೆಯಲ್ಲಿದ್ದಾಗ ಬಳಸಿದ್ದಕ್ಕೆ. ಮನೆಯಲ್ಲಿ ಬಳಸುವ ಸಲಕರಣೆಗೆ ‘ಡ್ಯೂರೆಬಲ್ ಮೆಡಿಕಲ್ ಎಕ್ವಿಪ್‌ಮೆಂಟ್’ ಅಂತ ಬೇರೆ ಆಡ್-ಆನ್ ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಆ ಸಾಲು ಇದ್ದರೆ ಮಾತ್ರ ಜಗಳಕ್ಕೆ ಇಳಿಯಿರಿ.

ಇದರಲ್ಲಿ ನನಗೆ ಸಿಟ್ಟು ಬರುವ ವಿಷಯ ಒಂದಿದೆ. ಕೂತ ಜಾಗದಲ್ಲಿ ಹುಣ್ಣಾಗಿ, ಅದು ಎಲುಬಿನವರೆಗೆ ಇಳಿದು, ಅಡ್ಮಿಟ್ ಆಗಿ ಆಪರೇಷನ್ ಮಾಡಿಸಿದರೆ ಇದೇ ಪಾಲಿಸಿ ಹಣ ಕೊಡುತ್ತದೆ. ಹುಣ್ಣೇ ಆಗದ ಹಾಗೆ ನೋಡಿಕೊಳ್ಳುವ ದಿಂಬಿಗೆ ಕೊಡುವುದಿಲ್ಲ. ಬುದ್ಧಿ ಇದ್ದವರು ಮಾಡಿದ ಲೆಕ್ಕ ಅಲ್ಲ ಇದು. ಆದರೆ ನಿಯಮ ಹಾಗಿದೆ.

ಹಾಗಾದರೆ ಎಲ್ಲಿ ಕೇಳುವುದು? ಅಪಘಾತ ವಿಮೆಯಲ್ಲಿ. ಅದು ಬಿಲ್ ನೋಡಿ ಕೊಡುವ ಹಣವಲ್ಲ. ಶಾಶ್ವತ ಅಂಗವೈಕಲ್ಯಕ್ಕೆ ಒಂದೇ ಗಂಟು. ಅದರಲ್ಲಿ ದಿಂಬು ತೆಗೊಂಡಿರೋ, ಬಚ್ಚಲಿಗೆ ರ‍್ಯಾಂಪ್ ಕಟ್ಟಿಸಿದಿರೋ, ಯಾರೂ ಕೇಳುವುದಿಲ್ಲ. ಅಣ್ಣನ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ 20 ರೂಪಾಯಿ ಕಡಿತ ಆಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅನ್ನುವ ಅಪಘಾತ ವಿಮೆ ಆಗಿರಬಹುದು. ಎರಡೂ ಕಾಲುಗಳ ಸ್ವಾಧೀನ ಪೂರ್ತಿ, ವಾಪಸ್ ಬಾರದ ಹಾಗೆ ಹೋದರೆ 2 ಲಕ್ಷ. ಎಷ್ಟೋ ಮನೆಗಳಲ್ಲಿ ಈ 20 ರೂಪಾಯಿ ಯಾಕೆ ಹೋಯಿತು ಅಂತಲೇ ಗೊತ್ತಿರುವುದಿಲ್ಲ. ಈಗಾಗಲೇ ತಡವಾಗಿದೆ, ನಾಳೆಯೇ ಬ್ಯಾಂಕಿಗೆ ಹೋಗಿ. ತೆಂಗಿನ ಮರ ಹತ್ತುವ ಕೆಲಸದವರಾದರೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಮಾಡಿಸಿದ್ದಾರಾ ಅಂತಲೂ ಕೇಳಿ.

ಮರದಿಂದ ಬಿದ್ದದ್ದಕ್ಕೆ ದಾಖಲೆ ಅಂದರೆ ಆವತ್ತಿನ ಆಸ್ಪತ್ರೆ ಚೀಟಿ. ಕ್ಯಾಷುವಾಲ್ಟಿಯಲ್ಲಿ ಯಾರೋ ಗಡಿಬಿಡಿಯಲ್ಲಿ ‘ಬಿದ್ದು ಪೆಟ್ಟು’ ಅಂತಷ್ಟೇ ಗೀಚಿರುತ್ತಾರೆ. ಎಲ್ಲಿಂದ ಬಿದ್ದದ್ದು? ಮಂಚದಿಂದಲಾ? ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಅಡಿಕೆ ಮರದಿಂದ ಬಿದ್ದು’ ಅಂತ ಇರಬೇಕು. ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ದಾಖಲೆ ತೋರಿಸಿ ಸರಿ ಮಾಡಿಸಿ.

ಇನ್ನು ಬಿಲ್. ನೀವು ಕಳಿಸಿದ ಫೋಟೋ ನೋಡಿದೆ. ‘ವೀಲ್‌ಚೇರ್ ವಿತ್ ಆಕ್ಸೆಸರೀಸ್’, ಕೆಳಗೆ ಒಂದೇ ಮೊತ್ತ. ಇಂಥ ಬಿಲ್ ಆಡ್-ಆನ್ ಕ್ಲೇಮಿಗೂ ಆಗದು, ಟ್ರಸ್ಟಿನ ಸಹಾಯಕ್ಕೂ ಆಗದು. ಅಂಗಡಿಯವರಿಂದ ಬಿಡಿಸಿ ಬರೆಸಿ: ಕುರ್ಚಿ ಎಷ್ಟು, ದಿಂಬು ಎಷ್ಟು, ಹೆಡ್‌ರೆಸ್ಟ್ ಎಷ್ಟು, ಪ್ರತಿಯೊಂದರ ಮಾಡೆಲ್ ಯಾವುದು. ತೆರಿಗೆ ಲೆಕ್ಕಕ್ಕೆ ಸಾಮಾನಿಗೆ ಕೊಡುವ ಎಚ್‌ಎಸ್‌ಎನ್ ಸಂಖ್ಯೆಯನ್ನೂ ನೋಡಿ. ಅಂಗವಿಕಲರ ಕುರ್ಚಿ 8713ರಲ್ಲಿ, ಅದರ ಬಿಡಿಭಾಗ 871420ರಲ್ಲಿ ಬರುತ್ತದೆ. ಎರಡಕ್ಕೂ ಜಿಎಸ್‌ಟಿ 5 ಶೇಕಡಾ. ಹೆಡ್‌ರೆಸ್ಟ್‌ಗೆ 18 ಹಾಕಿದ ಬಿಲ್ ನನ್ನ ಕೈಗೂ ಬಂದಿದೆ. ಕೇಳಿದಾಗ ‘ಕಂಪ್ಯೂಟರ್ ಹಾಗೆ ತೆಗೊಳ್ತದೆ’ ಅಂದರು.

ಬಿಲ್ಲಿನ ಜೊತೆ ಡಾಕ್ಟರ ಚೀಟಿ ಬೇಕು. ಒಂದೊಂದು ಸಾಮಾನಿಗೂ ಒಂದು ಕಾರಣ. ‘ರೋಗಿಯ ಅನುಕೂಲಕ್ಕಾಗಿ’ ಅಂತ ಬರೆಸಿದರೆ ಮುಗಿಯಿತು, ಆ ಒಂದು ಶಬ್ದ ಸಿಕ್ಕಿದರೆ ಫೈಲು ನೋಡುವವನಿಗೆ ಸಾಕು, ಬೇರೆ ಏನೂ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ. ಹೀಗೆ ಇರಬೇಕು: ‘ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಕೈ ಊರಿ ಮೈ ಎತ್ತಲು ಆಗುವುದಿಲ್ಲ. ಬಲಬದಿ ಕೂರುವ ಎಲುಬಿನ ಮೇಲೆ ಚರ್ಮ ಕೆಂಪಾಗಿದೆ. ಒತ್ತಡ ಹಂಚುವ ಗಾಳಿ ದಿಂಬು ಬೇಕು.’ ಚೀಟಿಯ ತಾರೀಕು ಬಿಲ್ಲಿಗಿಂತ ಮೊದಲಿನದ್ದಾಗಿರಲಿ. ದಿಂಬು ತಂದು ಮೂರು ದಿನ ಆದ ಮೇಲೆ ಚೀಟಿ ಬರೆಸುವವರೇ ಜಾಸ್ತಿ.

ಆಡ್-ಆನ್ ಇದ್ದೂ ಕೊಡದಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಇಲ್ಲದಿದ್ದರೆ, ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ, ಅಂದರೆ ವಿಮಾ ಒಂಬುಡ್ಸ್‌ಮನ್. ಫೀಸು ಇಲ್ಲ, ವಕೀಲರೂ ಬೇಡ. ನಮ್ಮ ಗಡಿ ಊರಿನವರಿಗೆ ಇಲ್ಲೊಂದು ಲಾಭ ಇದೆ. ಪಾಲಿಸಿ ಮಂಗಳೂರಿನ ಶಾಖೆಯದ್ದು, ಮನೆ ಗಡಿಯ ಈಚೆ ಕೇರಳದ ಪೆರ್ಲದಲ್ಲಿ ಅಂತಾದರೆ ಬೆಂಗಳೂರು, ಕೊಚ್ಚಿ ಒಂಬುಡ್ಸ್‌ಮನ್ ಕಚೇರಿ ಎರಡರಲ್ಲಿ ಯಾವುದಕ್ಕೂ ಹೋಗಬಹುದು. ಶಾಖೆ ಇರುವ ಜಾಗವೂ ನಡೆಯುತ್ತದೆ, ನೀವು ವಾಸ ಇರುವ ಜಾಗವೂ ನಡೆಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಬಾವನ ಅಪ್ಪನಿಗೆ ಸೀಟು ಮೇಲೇರುವ ಕುರ್ಚಿಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಹಣ ಕೊಟ್ಟಿತು. ಇಲ್ಲಿ ಯಾಕಿಲ್ಲ? — ಕುಂಬಳೆ

ಅಲ್ಲಿಯೂ ಸೀಟು ಏರಿಸುವ ಯಂತ್ರಕ್ಕೆ ಒಪ್ಪಿದ್ದು 2023ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅದು ಚಿಕಿತ್ಸೆಯ ಸಾಮಾನೇ ಅಲ್ಲ ಅಂತ ತಳ್ಳುತ್ತಿದ್ದರು. ಈಗಲೂ ಎಲ್ಲರಿಗೂ ಸಿಗುವುದಿಲ್ಲ. ಕುರ್ಚಿಯಿಂದ ಹಾಸಿಗೆಗೆ ಹೋಗಲು, ಎತ್ತರದ ವಸ್ತು ಎಟುಕಿಸಲು ಬೇಕೇ ಬೇಕು ಅಂತ ತಜ್ಞರು ನೋಡಿ ಬರೆಯಬೇಕು. ಪ್ರತಿ ಬಿಡಿಭಾಗಕ್ಕೂ ಬೇರೆ ಕೋಡ್, ಬೇರೆ ಕಾರಣ. ಬಾವನ ಹತ್ತಿರ ಹಣ ಎಷ್ಟು ಬಂತು ಅಂತ ಕೇಳುವ ಬದಲು ಆ ಕಾಗದದ ಕಟ್ಟು ಎಷ್ಟು ದಪ್ಪ ಇತ್ತು ಅಂತ ಕೇಳಿ.

ಪ್ರಶ್ನೆ: ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ ಕಾರು ಡಿಕ್ಕಿಯಾಯಿತು. ಪರಿಹಾರದ ಕೇಸು ಮಂಗಳೂರಿನಲ್ಲೇ ಹಾಕಬೇಕಾ? — ಮಂಜೇಶ್ವರ

ಬೇಡ, ನೀವು ವಾಸ ಇರುವಲ್ಲೂ ಹಾಕಬಹುದು. ಆದರೆ ಅಪಘಾತವಾಗಿ ಆರು ತಿಂಗಳ ಒಳಗೆ. ದಿಂಬು, ಬ್ಯಾಟರಿ ಮುಂದೆಯೂ ಬದಲಿಸಬೇಕಾಗುತ್ತದೆ ಅಂತ ಡಾಕ್ಟರಿಂದ ಬರೆಸಿ ವಕೀಲರಿಗೆ ಕೊಡಿ. ಅವರಾಗಿ ಕೇಳುವುದು ಕಮ್ಮಿ.

ಪ್ರಶ್ನೆ: ನಡುವೆ ತೂತಿರುವ ರಿಂಗ್ ದಿಂಬು ಕಡಿಮೆಗೆ ಸಿಗುತ್ತದೆ, ಸಾಲದಾ? — ಬೋವಿಕ್ಕಾನ

ಬೇಡವೇ ಬೇಡ. ತೂತಿನ ಸುತ್ತ ಒತ್ತಿ ರಕ್ತ ಓಡಾಟಕ್ಕೆ ಅಡ್ಡಿಯಾಗುತ್ತದೆ, ಹುಣ್ಣು ಬೇಗ ಬರುತ್ತದೆ.

ಪ್ರಶ್ನೆ: 41 ದಿನ ಎಣ್ಣೆ ಉಜ್ಜಿದರೆ ಎದ್ದು ನಡೆಯುತ್ತಾರೆ, ಕುರ್ಚಿಗೆ ಹಣ ಹಾಕಬೇಡಿ ಅಂತ ಒಬ್ಬರು ಹೇಳಿದ್ದಾರೆ. — ಬದಿಯಡ್ಕ

42ನೇ ದಿನ ನಡೆಯದಿದ್ದರೆ ಹಣ ವಾಪಸ್ ಕೊಡುತ್ತೇನೆ ಅಂತ ಬರೆದು ಸಹಿ ಹಾಕಲಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಅಂಗಳದಲ್ಲಿ ಮಳೆಗೆ ಸಿಕ್ಕಿ ಕುರ್ಚಿ ಓಡಿಸುವ ಜಾಯ್‌ಸ್ಟಿಕ್ ಹಾಳಾಯಿತು. ವಾರಂಟಿ ಇದೆಯಲ್ಲ? — ಉಪ್ಪಳ

ನೀರು ಹೊಕ್ಕಿದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಕಾರ್ಡಿನ ಹಿಂದಿನ ಸಣ್ಣ ಅಕ್ಷರ ಒಮ್ಮೆ ಓದಿ. ಹೊಸದು ಹಾಕಿಸಿದ ಮೇಲೆ ಮಳೆಗಾಲದಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ತೊಟ್ಟೆ ಮುಚ್ಚಿ, ಕೆಳಗೆ ರಬ್ಬರ್ ಬ್ಯಾಂಡ್ ಹಾಕಿ. ಒಳಗಿಂದಲೇ ಕೈ ಆಡುತ್ತದೆ.