ಯೆಶಾಯ, ಯೆಹೆಜ್ಕೇಲರು ಕಂಡ ದೇವದರ್ಶನದಿಂದ ಇವತ್ತಿನ ಕ್ರೈಸ್ತರಿಗೆ ಏನು?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಯೆಶಾಯ, ಯೆಹೆಜ್ಕೇಲರಂಥ ಪ್ರವಾದಿಗಳು ದೇವರನ್ನು ಕಂಡೆವು ಅನ್ನುತ್ತಾರೆ, ಆದರೆ ಯೋಹಾನನ ಸುವಾರ್ತೆ ದೇವರನ್ನು ಯಾರೂ ಎಂದೂ ಕಂಡಿಲ್ಲ ಅನ್ನುತ್ತದೆ. ಹಾಗಾದರೆ ಆ ದರ್ಶನಗಳಿಗೆ ಈಗ ಏನು ಅರ್ಥ? ಎರಡನೆಯದು ನಿಮ್ಮ ಸ್ವಂತದ ವಿಷಯ. ನಿಮ್ಮ ಪ್ರಾರ್ಥನಾ ಕೂಟದಲ್ಲಿ ಒಬ್ಬರು ನಿಮ್ಮ ಬಗ್ಗೆ ದರ್ಶನ ಕಂಡರಂತೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಫುಲ್ ಟೈಮ್ ಸೇವೆಗೆ ಬಾ ಅಂದರಂತೆ. ನಂಬಬೇಕಾ ಅಂತ ಕೇಳಿದ್ದೀರಿ.

ನಾನು ಮಂಡ್ಯದವಳು, ಮದುವೆಯಾದ ಮೇಲೆ ಮೈಸೂರು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ದೇವಶಾಸ್ತ್ರ ಕಾಲೇಜಿಗೆ ಹೋದವಳಲ್ಲ. ಆದರೆ ಮಕ್ಕಳು ಇದೇ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳುತ್ತಾರೆ: "ಮಿಸ್, ದೇವರು ನೋಡೋಕೆ ಹೇಗಿದ್ರು?" ಅವರಿಗಾಗಿ ಈ ಅಧ್ಯಾಯಗಳನ್ನು ಮತ್ತೆ ಮತ್ತೆ ಓದಬೇಕಾಯಿತು.

ಮೊದಲು ಆ ವಿರೋಧಾಭಾಸದ ವಿಷಯ. ಕಂಡವರು ಏನನ್ನು ಕಂಡರು ಅಂತ ಸ್ವಲ್ಪ ಗಮನಿಸಿ. ಯೆಶಾಯ ಆರನೆಯ ಅಧ್ಯಾಯದಲ್ಲಿ ಉನ್ನತ ಸಿಂಹಾಸನವಿದೆ, ಆದರೆ ಕೂತವರ ಬಗ್ಗೆ ಅವನು ಹೇಳುವುದು ಉಡುಪಿನ ಅಂಚಿನ ಮಾತು ಮಾತ್ರ. ಆ ಅಂಚೇ ದೇವಾಲಯವನ್ನೆಲ್ಲ ತುಂಬಿಕೊಂಡಿತ್ತು. ವಿಮೋಚನಕಾಂಡ 24ರಲ್ಲಿ ಮೋಶೆಯ ಜೊತೆ ಎಪ್ಪತ್ತು ಹಿರಿಯರು ಬೆಟ್ಟ ಹತ್ತಿ ಇಸ್ರಾಯೇಲಿನ ದೇವರನ್ನು ಕಂಡರು ಅಂತಿದೆ. ಅಲ್ಲಿ ವರ್ಣನೆ ಇರುವುದು ಪಾದದ ಕೆಳಗಿದ್ದ ನೀಲಮಣಿಯಂಥ ನೆಲದ್ದು. ಅದೇ ಪುಸ್ತಕದ 33ರಲ್ಲಿ ಮೋಶೆ ಮಹಿಮೆಯನ್ನು ತೋರಿಸು ಅಂತ ಕೇಳಿಕೊಂಡಾಗ ಸಿಕ್ಕ ಉತ್ತರ, ನನ್ನ ಮುಖ ನೋಡಿ ಯಾರೂ ಬದುಕಲಾರರು ಅಂತ. ಅವನಿಗೆ ಕಂಡದ್ದು ಬೆನ್ನು ಮಾತ್ರ. ಯೆಹೆಜ್ಕೇಲನಂತೂ ಪುಟದ ತುಂಬ ಹಾಗಿತ್ತು, ಹೀಗೆ ಕಾಣುತ್ತಿತ್ತು ಅಂತ ತಡವರಿಸುತ್ತಾನೆ. ದಾನಿಯೇಲ ಏಳರಲ್ಲಿ ಬಿಳಿ ಕೂದಲು, ಬಿಳಿ ಉಡುಪು, ಬೆಂಕಿಯ ಸಿಂಹಾಸನ. ಮುಖ ಹೇಗಿತ್ತು ಅಂತ ಯಾರೂ ಬರೆದಿಲ್ಲ. ಯೋಹಾನನ ಮಾತಿಗೂ ಇದಕ್ಕೂ ಜಗಳ ಏನಿಲ್ಲ ಅಂತ ನನಗೆ ಅನಿಸುತ್ತದೆ. ಪ್ರವಾದಿಗಳು ನಿಜವಾಗಿ ಕಂಡರು, ಆದರೆ ಪೂರ್ತಿ ಕಾಣಲಿಲ್ಲ.

ಹಾಗಾದರೆ ಆ ದರ್ಶನ ಯಾಕೆ ಬಂತು? ದೇವರ ರೂಪ ತಿಳಿಸೋಕೆ ಅಲ್ಲವೇ ಅಲ್ಲ. ಅವು ಬಂದ ಸಮಯ ನೋಡಿದರೆ ಗೊತ್ತಾಗುತ್ತದೆ.

ಯೆಶಾಯನಿಗೆ ದರ್ಶನವಾದದ್ದು ಯೆಹೂದದ ಅರಸ ಉಜ್ಜೀಯ ಸತ್ತ ವರ್ಷ, ಕ್ರಿ.ಪೂ. 740ರ ಆಸುಪಾಸು. ಐವತ್ತೆರಡು ವರ್ಷ ಆಳಿದ ರಾಜ. ಕೊನೆಗೆ ಯಾಜಕರ ಕೆಲಸವನ್ನೂ ತಾನೇ ಮಾಡುತ್ತೇನೆ ಅಂತ ಧೂಪ ಹಾಕಲು ದೇವಾಲಯದೊಳಗೆ ನುಗ್ಗಿ, ಕುಷ್ಠ ಹತ್ತಿ, ಬೇರೆ ಮನೆಯಲ್ಲಿ ಒಬ್ಬನೇ ಇದ್ದು ತೀರಿಹೋದ. ಆ ಕಡೆ ಅಶ್ಶೂರ ಸಾಮ್ರಾಜ್ಯದ ಸೈನ್ಯ ದೊಡ್ಡದಾಗುತ್ತಿತ್ತು. ಇನ್ನು ಮುಂದೆ ಏನು ಗತಿ ಅಂತ ಜನ ಹೆದರಿದ್ದ ಹೊತ್ತಿನಲ್ಲಿ, ನಿಜವಾದ ಸಿಂಹಾಸನ ಖಾಲಿಯಾಗಿಲ್ಲ ಅಂತ ಒಬ್ಬನಿಗೆ ಕಾಣಿಸಿತು. ಅವನಿಗೆ ಆನಂದವಾಗಲಿಲ್ಲ. ಅಯ್ಯೋ, ನಾನು ಕೆಟ್ಟೆ, ನನ್ನ ತುಟಿ ಹೊಲಸು, ನನ್ನ ಜನರ ತುಟಿಯೂ ಹೊಲಸು ಅಂದ. ಸೆರಾಫಿ ಎಂಬ ದೇವದೂತನೊಬ್ಬ ತಂದ ಕೆಂಡ ಅವನ ತುಟಿಗೆ ತಾಗಿ ಶುದ್ಧ ಮಾಡಿತು. ಯಾರನ್ನು ಕಳುಹಿಸಲಿ ಅನ್ನುವ ಸ್ವರ ಕೇಳಿತು. ನಾನಿದ್ದೇನೆ, ನನ್ನನ್ನು ಕಳುಹಿಸು ಅಂದ.

ನಮ್ಮಲ್ಲಿ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಎಂಟನೆಯ ವಚನ ಮುಗಿಯುತ್ತಿದ್ದಂತೆ ಕೀರ್ತನೆ ಶುರು. ಒಂಬತ್ತರಿಂದ ಹದಿಮೂರರ ತನಕ ಓದಿ ನೋಡಿ. ಹೋಗು, ಆದರೆ ಇವರು ನಿನ್ನ ಮಾತು ಕೇಳುವುದಿಲ್ಲ ಅಂತ ದೇವರು ಹೇಳುತ್ತಾರೆ. ಎಲ್ಲಿಯ ತನಕ ಅಂದರೆ ಊರುಗಳು ಹಾಳಾಗುವ ತನಕ! ಇಷ್ಟು ದೊಡ್ಡ ದರ್ಶನ ಕಂಡವನಿಗೆ ಸಿಕ್ಕ ಕೆಲಸ ಇದು. ಅದರ ಹಿಂದಿನ ಅಧ್ಯಾಯದಲ್ಲಿ ಅವನು ಬೈಯುವುದು ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಂಡು ಬಡವರಿಗೆ ಜಾಗವೇ ಇಲ್ಲದಂತೆ ಮಾಡಿದವರನ್ನು. ಸಿಂಹಾಸನದ ದರ್ಶನವನ್ನೂ ಜಮೀನಿನ ಈ ಮಾತನ್ನೂ ಬೇರೆ ಬೇರೆ ಮಾಡಿ ಓದಿದರೆ ಯೆಶಾಯ ನಮಗೆ ಸಿಗುವುದಿಲ್ಲ.

ಆ ದರ್ಶನದಲ್ಲಿ ಸೆರಾಫಿಗಳು ಹಾಡಿದ "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಇವತ್ತಿಗೂ ನಮ್ಮ ಬಾಯಲ್ಲಿದೆ. ಕಥೋಲಿಕರ ಬಲಿಪೂಜೆಯಲ್ಲಿ ಇದೆ, ನಮ್ಮ ಕರ್ತನ ಭೋಜನದ ಆರಾಧನೆಯಲ್ಲೂ ಇದೆ. ಆರು ರೆಕ್ಕೆಯ ಸೆರಾಫಿಗಳು ಮುಖ ಮುಚ್ಚಿಕೊಂಡು ಹಾಡಿದ್ದನ್ನು ನಾವು ಬಾಯಿಪಾಠವಾಗಿ, ವಾಚು ನೋಡಿಕೊಂಡು ಹೇಳಿ ಮುಗಿಸುತ್ತೇವೆ. ಹೋಗಲಿ ಬಿಡಿ, ನಾನೂ ಅವರಲ್ಲಿ ಒಬ್ಬಳು.

ನನಗೆ ಜಾಸ್ತಿ ಹಿಡಿಸಿದ್ದು ಯೆಹೆಜ್ಕೇಲ. ಸ್ವಲ್ಪ ಉದ್ದ ಹೇಳುತ್ತೇನೆ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು ಅರಸ ಯೆಹೋಯಾಖೀನನನ್ನೂ ಅಧಿಕಾರಿಗಳನ್ನೂ ಕುಶಲ ಕೆಲಸಗಾರರನ್ನೂ ಸೆರೆ ಒಯ್ದ. ಇದು ಬರೀ ಬೈಬಲ್ಲಿನ ಮಾತಲ್ಲ. ಈ ಅರಸನಿಗೂ ಅವನ ಐದು ಗಂಡುಮಕ್ಕಳಿಗೂ ಎಣ್ಣೆ ಪಡಿ ಕೊಟ್ಟ ಲೆಕ್ಕ ಬಾಬಿಲೋನಿನ ಜೇಡಿಮಣ್ಣಿನ ಫಲಕಗಳಲ್ಲಿ ಸಿಕ್ಕಿದೆ. ಫಲಕಗಳು ಈಗ ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿವೆ. ಹೀಗೆ ಹೋದವರಲ್ಲಿ ಯೆಹೆಜ್ಕೇಲನೂ ಒಬ್ಬ. ಯಾಜಕರ ಮನೆಯ ಹುಡುಗ. ಪುಸ್ತಕದ ಮೊದಲ ಸಾಲಿನಲ್ಲಿ ಮೂವತ್ತನೆಯ ವರ್ಷ ಅಂತ ಬರುತ್ತದೆ. ಅದು ಅವನ ವಯಸ್ಸು ಅಂತ ಬಹಳ ಜನ ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. ಅರಣ್ಯಕಾಂಡದ ಪ್ರಕಾರ ಗುಡಾರದ (ದೇವಾಲಯ ಕಟ್ಟುವ ಮೊದಲು ಆರಾಧನೆ ನಡೆಯುತ್ತಿದ್ದ ಡೇರೆಯ) ಸೇವೆ ಶುರುವಾಗುವ ವಯಸ್ಸು ಮೂವತ್ತು. ಊರಲ್ಲೇ ಇದ್ದಿದ್ದರೆ ಆ ವರ್ಷ ಅವನು ದೇವಾಲಯದೊಳಗೆ ಕಾಲಿಡಬೇಕಿತ್ತು. ಈಗ ಅವನು ಇದ್ದದ್ದು ಬಾಬಿಲೋನ್ ನಾಡಿನ ಕೆಬಾರ್ ದಡದಲ್ಲಿ, ಗಡೀಪಾರಾದ ಜನರ ನಡುವೆ. ಅದು ಕ್ರಿ.ಪೂ. 593.

ಕೆಬಾರನ್ನು ನದಿ ಅಂತ ಓದುತ್ತೇವೆ. ಆದರೆ ನಿಪ್ಪೂರ್ ಎಂಬ ಊರಿನ ಹತ್ತಿರ ಸಿಕ್ಕ ಹಳೆಯ ದಾಖಲೆಗಳಲ್ಲಿ ಅದೇ ಹೆಸರಿನ ಕಾಲುವೆ ಇದೆ. ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಹಾಗೆ ಗದ್ದೆಗೆ ನೀರು ಹರಿಸಲು ತೋಡಿದ ಕಾಲುವೆ. ಮಂಡ್ಯದಲ್ಲಿ ಬೆಳೆದ ನನಗೆ ಇದು ತಿಳಿದ ದಿನದಿಂದ ಆ ಅಧ್ಯಾಯ ಬೇರೆ ಥರ ಕಾಣುತ್ತಿದೆ. ನಾಲೆ ಏರಿ, ಕೆಸರು, ಬೇರೆಯವರ ಹೊಲ. ಪೂಜೆ, ಬಲಿ, ಧೂಪ ಯಾವುದೂ ಇಲ್ಲದ ಜಾಗ. ಆಕಾಶ ತೆರೆದದ್ದು ಅಲ್ಲಿ.

ಆ ಕಾಲದಲ್ಲಿ ಪ್ರತಿ ದೇವರಿಗೂ ಅವನದೇ ನೆಲ ಅಂತ ಜನ ನಂಬಿದ್ದರು. ಸಿರಿಯಾದ ಸೇನಾಪತಿ ನಾಮಾನ ಇಸ್ರಾಯೇಲಿನ ದೇವರನ್ನು ಆರಾಧಿಸಲು ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಕೇಳಿ ಒಯ್ದದ್ದು ನೆನಪಿದೆಯಾ? ಪರದೇಶದಲ್ಲಿ ಕರ್ತನ ಗೀತೆ ಹೇಗೆ ಹಾಡೋಣ ಅಂತ 137ನೆಯ ಕೀರ್ತನೆ ಅತ್ತದ್ದೂ ಬಾಬಿಲೋನಿನ ಹೊಳೆಗಳ ಬಳಿಯೇ. ಆದರೆ ಯೆಹೆಜ್ಕೇಲ ಕಂಡ ಸಿಂಹಾಸನಕ್ಕೆ ಚಕ್ರಗಳಿದ್ದವು. ನಾಲ್ಕೂ ದಿಕ್ಕಿಗೆ ತಿರುಗದೆ ಹೋಗುವ, ಸುತ್ತ ಕಣ್ಣು ತುಂಬಿದ ಚಕ್ರಗಳು. ಹೊತ್ತಿದ್ದ ಜೀವಿಗಳಿಗೆ ಮನುಷ್ಯ, ಸಿಂಹ, ಎತ್ತು, ಹದ್ದು ಹೀಗೆ ನಾಲ್ಕು ಮುಖ. ಅಶ್ಶೂರದ ಅರಮನೆ ಬಾಗಿಲುಗಳಲ್ಲಿ ರೆಕ್ಕೆಯ ಎತ್ತು, ರೆಕ್ಕೆಯ ಸಿಂಹಗಳ ದೊಡ್ಡ ಕಲ್ಲಿನ ವಿಗ್ರಹಗಳು ಮನುಷ್ಯರ ತಲೆ ಹೊತ್ತು ನಿಂತಿರುತ್ತಿದ್ದವು. ಗೆದ್ದವರ ನಾಡಿನಲ್ಲಿ ಜನರನ್ನು ಹೆದರಿಸಲು ನಿಲ್ಲಿಸಿದಂಥ ರೂಪಗಳು ಇಲ್ಲಿ ಸೋತವರ ದೇವರ ರಥ ಹೊರುತ್ತಿವೆ! ಇದನ್ನು ಬಿಟ್ಟು ಯೂಟ್ಯೂಬಿನಲ್ಲಿ ಯೆಹೆಜ್ಕೇಲ ಹಾರುವ ತಟ್ಟೆ ಕಂಡ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಸುಮ್ನೆ ಟೈಮ್ ವೇಸ್ಟ್.

ಈ ನಾಲ್ಕು ಮುಖಗಳನ್ನು ಆಮೇಲೆ ಸಭೆ ನಾಲ್ಕು ಸುವಾರ್ತೆಗಳ ಗುರುತಾಗಿ ತೆಗೆದುಕೊಂಡಿತು. ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೋಹಾನನಿಗೆ ಹದ್ದು. ಅದಿರಲಿ.

ಚಕ್ರದ ಆ ಸಿಂಹಾಸನಕ್ಕೆ ಇವತ್ತಿಗೆ ಅರ್ಥ ಏನು ಅಂದರೆ, 2020ರ ಲಾಕ್‌ಡೌನಿನಲ್ಲಿ ನಮ್ಮ ಚರ್ಚುಗಳಿಗೆ ಬೀಗ ಬಿದ್ದಾಗ ನಾನು ಹಿಡಿದುಕೊಂಡದ್ದು ಯೆಹೆಜ್ಕೇಲ 11:16. ದೂರ ಚದರಿಸಿದರೂ ಅವರು ಹೋದ ದೇಶಗಳಲ್ಲಿ ನಾನೇ ಅವರಿಗೆ ಸ್ವಲ್ಪ ಕಾಲ ಪವಿತ್ರ ಸ್ಥಾನವಾದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಗಲ್ಫಿಗೆ ಹೋದ ನಮ್ಮ ಕಡೆಯ ನರ್ಸುಗಳಿಗೂ, ಬೆಂಗಳೂರಿನ ಪಿ.ಜಿ. ರೂಮಿನಲ್ಲಿ ಒಂಟಿಯಾಗಿರುವ ಹುಡುಗರಿಗೂ ಈ ಮಾತು ಸಲ್ಲುತ್ತದೆ.

ಆದರೆ ಅದೇ ಚಕ್ರಗಳು ಇನ್ನೊಂದು ಕಡೆಗೂ ಉರುಳುತ್ತವೆ. ಹತ್ತು, ಹನ್ನೊಂದನೆಯ ಅಧ್ಯಾಯಗಳಲ್ಲಿ ದೇವರ ಮಹಿಮೆ ಯೆರೂಸಲೇಮಿನ ದೇವಾಲಯದ ಹೊಸ್ತಿಲಿಗೆ ಬಂದು, ಬಾಗಿಲಿಗೆ ಬಂದು, ಊರ ಪೂರ್ವದ ಬೆಟ್ಟದ ಮೇಲೆ ನಿಂತು, ಬಿಟ್ಟು ಹೋಗುತ್ತದೆ. ಒಳಗೆ ನಡೆಯುತ್ತಿದ್ದ ವಿಗ್ರಹಾರಾಧನೆ ಒಂದು ಕಾರಣ. ಊರಲ್ಲಿ ಲಂಚ, ಅನಾಥರ ಮತ್ತು ವಿಧವೆಯರ ಮೇಲಿನ ದಬ್ಬಾಳಿಕೆ ಇದ್ದದ್ದನ್ನೂ ಅವನು ಮುಂದೆ ಹೆಸರಿಟ್ಟು ಹೇಳುತ್ತಾನೆ. ಕಟ್ಟಡ ಆಗ ಇನ್ನೂ ನಿಂತಿತ್ತು, ಬಿದ್ದದ್ದು ಆಮೇಲೆ, ಕ್ರಿ.ಪೂ. 586ರ ಸುಮಾರಿಗೆ. ಸಭೆಯ ಆಸ್ತಿಗೋಸ್ಕರ ಕೋರ್ಟು ಹತ್ತುವುದನ್ನು ನೋಡಿದಾಗೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ. ದೇವರು ನಮ್ಮ ಕಾಂಪೌಂಡಿನೊಳಗೆ ಇದ್ದೇ ಇರುತ್ತಾರೆ ಅನ್ನುವ ಗ್ಯಾರಂಟಿಯನ್ನು ಯೆಹೆಜ್ಕೇಲ ಕೊಡುವುದಿಲ್ಲ.

ದಾನಿಯೇಲ ಏಳರ ಬಗ್ಗೆ ಒಂದೇ ಮಾತು. ಸಮುದ್ರದಿಂದ ಒಂದರ ಹಿಂದೆ ಒಂದು ಮೃಗ ಬರುತ್ತವೆ, ಅಂದರೆ ಸಾಮ್ರಾಜ್ಯಗಳು. ಕೊನೆಗೆ ಅಧಿಕಾರ ಸಿಗುವುದು ಮೃಗಕ್ಕಲ್ಲ, ಮನುಷ್ಯಕುಮಾರನಂತಿದ್ದ ಒಬ್ಬನಿಗೆ. ಮಹಾಯಾಜಕನ ವಿಚಾರಣೆಯಲ್ಲಿ ಯೇಸು ಸ್ವಾಮಿ ತಮ್ಮ ಬಗ್ಗೆ ಹೇಳಿಕೊಂಡದ್ದು ಇದೇ ಮಾತನ್ನು, ಮಾರ್ಕ 14:62ರಲ್ಲಿ. ಕಟ್ಟಿ ತಂದು ನಿಲ್ಲಿಸಿದ ಕೈದಿ ಹಾಗೆ ಹೇಳಿದ್ದು!

ಕ್ರೈಸ್ತರು ಎಲ್ಲ ದರ್ಶನಗಳನ್ನೂ ಓದುವುದು ಇಲ್ಲಿಂದ. ಯೆಶಾಯ ಕಂಡದ್ದು ಕ್ರಿಸ್ತನ ಮಹಿಮೆಯನ್ನೇ ಅಂತ ಯೋಹಾನ 12:41 ಹೇಳುತ್ತದೆ. ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಅಂತ ಯೇಸು ಶಿಷ್ಯ ಫಿಲಿಪ್ಪನಿಗೆ ಹೇಳಿದರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿದ್ದೀರಲ್ವಾ? 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಕಟ್ಟಡ. ಅಲ್ಲಿಯ ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಹುಟ್ಟು, ಕೊನೆಯ ಊಟ, ಶಿಲುಬೆ ಇವೆ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ನಾನು ಕೊಡುವ ಉತ್ತರವೂ ಅಷ್ಟೇ. ದೇವರು ಹೇಗಿದ್ದಾರೆ ಅಂತ ತಿಳಿಯಬೇಕಾದರೆ ಕುಷ್ಠರೋಗಿಯನ್ನು ಮುಟ್ಟಿದವರನ್ನು ನೋಡು, ಶಿಷ್ಯರ ಕಾಲು ತೊಳೆದವರನ್ನು ನೋಡು. ಮತ್ತಾಯ 25ರ ಪ್ರಕಾರ ಹಸಿದವರಲ್ಲಿ, ಜೈಲಿನಲ್ಲಿ ಇರುವವರಲ್ಲಿ ನೋಡು.

ಇನ್ನು ನಿಮ್ಮ ಕೂಟದ ದರ್ಶನ. ದೇವರು ಈಗ ಯಾರಿಗೂ ಏನೂ ತೋರಿಸುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮೊದಲ ಕ್ರೈಸ್ತ ಹುತಾತ್ಮ ಸ್ತೆಫನ ಕಲ್ಲೇಟು ತಿನ್ನುವ ಮೊದಲು ಆಕಾಶ ತೆರೆದದ್ದನ್ನು ಕಂಡ. ಆದರೆ ಒಂದನೆಯ ಅರಸುಗಳು 22ನ್ನು ಇವತ್ತು ರಾತ್ರಿ ಓದಿ. ಯುದ್ಧಕ್ಕೆ ಹೋಗು, ಗೆಲ್ಲುತ್ತೀಯ ಅಂತ ಅರಸ ಅಹಾಬನಿಗೆ ಸುಮಾರು ನಾನೂರು ಪ್ರವಾದಿಗಳು ಒಂದೇ ಬಾಯಲ್ಲಿ ಹೇಳಿದರು. ಒಬ್ಬ ಕಬ್ಬಿಣದ ಕೊಂಬು ಬೇರೆ ಮಾಡಿಸಿಕೊಂಡು ಬಂದಿದ್ದ. ಸಿಂಹಾಸನದಲ್ಲಿ ಕೂತ ದೇವರನ್ನು ಕಂಡ ಮೀಕಾಯೆಹು ಒಬ್ಬನೇ ಹೋಗಬೇಡ ಅಂದ. ಅವನಿಗೆ ಕೆನ್ನೆಗೆ ಏಟು, ಜೈಲು, ಅಳತೆಯ ರೊಟ್ಟಿ ನೀರು ಸಿಕ್ಕಿತು. ಅಹಾಬ ಯುದ್ಧದಲ್ಲಿ ಸತ್ತ.

ನಾನು ನೋಡುವುದು ಇದನ್ನೇ. ದರ್ಶನ ಕಂಡವರಿಗೆ ಅದರಿಂದ ಏನು ಲಾಭ, ಏನು ಕಷ್ಟ? ಯೆಶಾಯನಿಗೂ ಯೆಹೆಜ್ಕೇಲನಿಗೂ ಕಷ್ಟವೇ ಜಾಸ್ತಿ ಬಂತು. ಇನ್ನೊಂದು ವಿಷಯ, ಅವರಿಬ್ಬರನ್ನೂ ಕಳುಹಿಸಿದ್ದು ಅವರಿಗೇ ಬಂದ ದರ್ಶನ. ಪಕ್ಕದ ಮನೆಯವನಿಗೆ ದರ್ಶನವಾಗಿ ಯೆಶಾಯ ರಾಜೀನಾಮೆ ಬರೆಯಲಿಲ್ಲ. ಯೆಹೆಜ್ಕೇಲ 13ರಲ್ಲಿ ತಮ್ಮ ಮನಸ್ಸಿನಿಂದಲೇ ಪ್ರವಾದನೆ ಹೇಳುವವರನ್ನು ಬಿರುಕು ಗೋಡೆಗೆ ಸುಣ್ಣ ಬಳಿಯುವವರು ಅಂತ ಬೈದಿದ್ದಾನೆ. ನಿಮ್ಮವರು ಅಂಥವರು ಅಂತ ನಾನು ಹೇಳುತ್ತಿಲ್ಲ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು.

ಈಗ ರಾಜೀನಾಮೆ ಕೊಡಬೇಡಿ. ಸೇವೆಯ ಕರೆ ನಿಮಗೇ ಇದೆ ಅನಿಸಿದರೆ ನಿಮ್ಮ ಸಭಾಪಾಲಕರ ಹತ್ತಿರ ಮಾತಾಡಿ, ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರವೂ ಮಾತಾಡಿ. ಸಾಲ ಇದ್ದರೆ ಅದರ ಲೆಕ್ಕ ಹಾಕಿ. ಕೆಲಸದಲ್ಲಿದ್ದುಕೊಂಡೇ ಶನಿವಾರ ಭಾನುವಾರ ಸಭೆಯ ಯಾವುದಾದರೂ ಕೆಲಸ ಹಿಡಿಯಿರಿ. ಆಸ್ಪತ್ರೆ ಭೇಟಿ, ಟ್ಯೂಷನ್, ಏನಾದರೂ ಸರಿ. ಒಂದು ವರ್ಷ ಅದನ್ನು ಮಾಡಿ ನೋಡಿ. ಇಷ್ಟೂ ಕಾಯಬೇಡ, ಇವತ್ತೇ ಬಾ ಅಂತ ಅವರು ಒತ್ತಾಯ ಮಾಡಿದರೆ, ಅಥವಾ ಸೇವೆ ಅಂದರೆ ಅವರದೇ ಸಂಸ್ಥೆಯ ಸೇವೆ ಆಗಿದ್ದರೆ, ಆ ಕೂಟಕ್ಕೆ ಹೋಗುವುದನ್ನು ಸ್ವಲ್ಪ ದಿನ ನಿಲ್ಲಿಸಿ.